ನ್ಯಾನೋ ಕೊಳವೆಯ ಸಾವಿರ ಪಟ್ಟು ವೇಗ ಮನೋರಿಯ ನೀರನ್ನು ಅಗ್ಗ ಮಾಡುತ್ತದೆಯೇ?

ಮುಂಬಯಿಯಲ್ಲಿ ಬೇಸಿಗೆ ಬಂತೆಂದರೆ ಕೆರೆಗಳ ಮಟ್ಟ ಇಳಿಯುತ್ತದೆ, ನೀರಿನ ಸುದ್ದಿ ಏರುತ್ತದೆ. 2024ರ ಜೂನ್‌ನಲ್ಲಿ ಪಾಲಿಕೆ ಶೇ 10ರಷ್ಟು ನೀರು ಕಡಿತ ಮಾಡಿತ್ತು. 2025ರ ಏಪ್ರಿಲ್‌ನಲ್ಲಿ ಟ್ಯಾಂಕರ್‌ನವರು ಮುಷ್ಕರ ಹೂಡಿದಾಗ ಸೊಸೈಟಿಗಳಲ್ಲೂ ಹೋಟೆಲುಗಳಲ್ಲೂ ಪರದಾಟವಾಯಿತು. ಇಂಥ ಹೊತ್ತಿನಲ್ಲೆಲ್ಲ ಮನೋರಿಯ ಹೆಸರು ಕೇಳಿಬರುತ್ತದೆ. ಮಲಾಡ್ ಪಶ್ಚಿಮದಾಚೆಯ ಈ ಕಡಲೂರಿನಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆದು ದಿನಕ್ಕೆ 20 ಕೋಟಿ ಲೀಟರ್ ಸಿಹಿನೀರು ಕೊಡುವ ಘಟಕ ಕಟ್ಟಬೇಕು, ಮುಂದೆ ಅದನ್ನು 40 ಕೋಟಿಗೆ ಏರಿಸಬೇಕು ಎನ್ನುವುದು ಪಾಲಿಕೆಯ ಯೋಜನೆ. ಏಳು ಕೆರೆಗಳಿಂದ ನಗರಕ್ಕೆ ಈಗ ಬರುವುದು ದಿನಕ್ಕೆ ಸುಮಾರು 400 ಕೋಟಿ ಲೀಟರ್. ಅಂದರೆ ಮನೋರಿಯ ಮೊದಲ ಹಂತ ಕೊಡುವುದು ಇಪ್ಪತ್ತರಲ್ಲಿ ಒಂದು ಪಾಲು.

ಇದರ ಜೊತೆಗೇ ಇನ್ನೊಂದು ಸುದ್ದಿ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿರುತ್ತದೆ. ಕಾರ್ಬನ್ ನ್ಯಾನೋಟ್ಯೂಬ್ ಎಂಬ ಅತಿ ಸಣ್ಣ ಕೊಳವೆಯಲ್ಲಿ ನೀರು ಸಾವಿರಾರು ಪಟ್ಟು ವೇಗವಾಗಿ ಹರಿಯುತ್ತದಂತೆ, ಇನ್ನು ಸಮುದ್ರದ ನೀರು ಪುಕ್ಕಟೆಯಾಗಿ ಸಿಹಿಯಾಗುತ್ತದಂತೆ. ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಇಷ್ಟು ಒಳ್ಳೆಯ ಕೊಳವೆ ಸಿಕ್ಕಿದ್ದರೆ ನೀರನ್ನು ಒತ್ತಡ ಹಾಕಿ ತೆಳು ಪೊರೆಯಲ್ಲಿ (ಮೆಂಬ್ರೇನ್) ಸೋಸುವ ಹಳೆಯ ಆರ್‌ಓ ತಂತ್ರಕ್ಕೆ ಪಾಲಿಕೆ ಕೋಟಿಗಟ್ಟಲೆ ಸುರಿಯುವುದು ಯಾಕೆ? ಮಾಟುಂಗಾದ ಹೋಟೆಲಿನ ಅಡುಗೆಮನೆಯಲ್ಲಿ, ಕಾಂದಿವಲಿಯ ಸೊಸೈಟಿ ಮೀಟಿಂಗಿನಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಒಂದೇ ವಾಕ್ಯದಲ್ಲಿ ಮುಗಿಯುವಂಥದ್ದಲ್ಲ. ವೇಗದ ಸುದ್ದಿ ಸುಳ್ಳಲ್ಲ. ಆದರೆ 'ಸಾವಿರ ಪಟ್ಟು' ಎಂದಾಗ ಯಾವುದಕ್ಕೆ ಹೋಲಿಸಿ ಹೇಳಿದ್ದು ಎಂದು ಯಾರೂ ಕೇಳುವುದಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ಎಳೆತ ಜಾಸ್ತಿ, ಓಟ ಕಮ್ಮಿ

ಸಣ್ಣ ಗಾಜಿನ ಕೊಳವೆಯ ತುದಿಯನ್ನು ನೀರಿಗೆ ಅದ್ದಿದರೆ ನೀರು ತಾನಾಗಿಯೇ ಒಳಗೆ ಏರುತ್ತದೆ. ಗಾಜಿಗೆ ಅಂಟಿಕೊಳ್ಳುವ ನೀರು ಅಂಚಿನಲ್ಲಿ ಮೇಲೆ ಹತ್ತುತ್ತದೆ, ಉಳಿದ ನೀರನ್ನೂ ತನ್ನ ಜೊತೆ ಎಳೆಯುತ್ತದೆ. ಕೊಳವೆ ಕಿರಿದಾದಷ್ಟೂ ನೀರು ಮೇಲಕ್ಕೆ ಹೋಗುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜುರಿನ್ 1718ರಲ್ಲೇ ತೋರಿಸಿದ. ಒಂದು ಮಿಲಿಮೀಟರ್ ಅಗಲದ ಕೊಳವೆಯಲ್ಲಿ ನೀರು ಏರುವುದು ಸುಮಾರು 3 ಸೆಂಟಿಮೀಟರ್. ಅದೇ ಲೆಕ್ಕವನ್ನು 20 ನ್ಯಾನೋಮೀಟರ್ ಅಗಲದ ಕೊಳವೆಗೆ ಹಾಕಿದರೆ ಉತ್ತರ ಒಂದೂವರೆ ಕಿಲೋಮೀಟರ್! ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಸಿಗುವುದು ಒಂದು ನ್ಯಾನೋಮೀಟರ್. ನೀರಿನ ಒಂದು ಅಣುವಿನ ಅಗಲವೇ ಸುಮಾರು 0.28 ನ್ಯಾನೋಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ ನೀರನ್ನು ಒಳಗೆಳೆಯುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ 140 ಪಟ್ಟು ದಾಟುತ್ತದೆ.

ಇಷ್ಟು ಎಳೆತವಿದ್ದರೆ ನೀರು ಬಾಣದಂತೆ ನುಗ್ಗಬೇಕಲ್ವಾ? ನುಗ್ಗುವುದಿಲ್ಲ. ಕಾರಣವನ್ನು 1840ರ ಆಸುಪಾಸಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. ಒಬ್ಬ ಜರ್ಮನಿಯ ಎಂಜಿನಿಯರ್ ಹಾಗನ್. ಇನ್ನೊಬ್ಬ ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ತಲೆಕೆಡಿಸಿಕೊಂಡಿದ್ದ ಫ್ರಾನ್ಸಿನ ವೈದ್ಯ ಪ್ವಾಸೋಯ್. ಕೊಳವೆಯ ಗೋಡೆಗೆ ತಾಗಿದ ನೀರು ಅಲ್ಲಾಡದೆ ನಿಲ್ಲುತ್ತದೆ. ಅದರ ಪಕ್ಕದ ಪದರ ಸ್ವಲ್ಪ ಜಾರುತ್ತದೆ, ನಡುವಿನದು ಎಲ್ಲಕ್ಕಿಂತ ಜೋರಾಗಿ ಓಡುತ್ತದೆ. ಕೊಳವೆ ಕಿರಿದಾದರೆ ಎಲ್ಲ ನೀರೂ ಗೋಡೆಯ ಹತ್ತಿರದ್ದೇ ಆಗಿಬಿಡುತ್ತದೆ. ಹಾಗಾಗಿ ಒತ್ತಡ ಅಷ್ಟೇ ಇಟ್ಟು ಅಗಲವನ್ನು ಅರ್ಧ ಮಾಡಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತನೇ ಒಂದು ಮಾಡಿದರೆ ಹತ್ತು ಸಾವಿರದಲ್ಲಿ ಒಂದು.

ಎಳೆತ ಮತ್ತು ತಡೆ ಎರಡನ್ನೂ ಸೇರಿಸಿ ಲೆಕ್ಕ ಮಾಡಿದವರು 1918ರಲ್ಲಿ ಲೂಕಾಸ್, 1921ರಲ್ಲಿ ವಾಷ್‌ಬರ್ನ್. ಕೊಳವೆ ಕಿರಿದಾದಂತೆ ಎಳೆತ ಹೆಚ್ಚುತ್ತದೆ ನಿಜ, ಆದರೆ ತಡೆ ಅದಕ್ಕಿಂತ ಬೇಗ ಹೆಚ್ಚುತ್ತದೆ. ಜೊತೆಗೆ, ನೀರು ಒಳಗೆ ಹೋದಷ್ಟೂ ಎಳೆಯಬೇಕಾದ ನೀರಿನ ಉದ್ದ ಬೆಳೆಯುತ್ತದೆ, ಎಳೆಯುವ ಶಕ್ತಿ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಸಮಯ ಬೇಕು. 20 ನ್ಯಾನೋಮೀಟರ್ ಅಗಲದ ಗಾಜಿನ ಕೊಳವೆಯಲ್ಲಿ ನೀರು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 0.6 ಮಿಲಿಮೀಟರ್ ಹೋಗುತ್ತದೆ. ಅದರ ಹತ್ತರಷ್ಟು, ಅಂದರೆ 6 ಮಿಲಿಮೀಟರ್ ಹೋಗಲು 100 ಸೆಕೆಂಡ್ ಹಿಡಿಯುತ್ತದೆ. ಗಾಜಿನಂಥ ವಸ್ತುವಿನಲ್ಲಿ ಕೊರೆದ ನ್ಯಾನೋ ಕಾಲುವೆಗಳಲ್ಲಿ ಪರೀಕ್ಷೆ ಮಾಡಿದಾಗಲೂ ಈ ನೂರು ವರ್ಷ ಹಳೆಯ ಸೂತ್ರ ಹೆಚ್ಚುಕಮ್ಮಿ ನಿಂತಿತು. ಬಂದ ವ್ಯತ್ಯಾಸವೂ ನೀರು ಇನ್ನಷ್ಟು ನಿಧಾನವಾಗುವ ಕಡೆಗೇ.

ಲೆಕ್ಕ ಕೆಡಿಸಿದ ಕಾರ್ಬನ್

1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಕಾರ್ಬನ್ ನ್ಯಾನೋಟ್ಯೂಬ್‌ಗಳ ಬಗ್ಗೆ ಬರೆದ ಮೇಲೆ ಮೊದಲು ಎದ್ದ ಪ್ರಶ್ನೆ ಸರಳವಾದದ್ದು. ಇದರೊಳಗೆ ದ್ರವ ಹೋಗುತ್ತದೆಯೇ? ಪೆನ್ಸಿಲ್ ಸೀಸದ ಗ್ರಾಫೈಟ್ ಹಾಳೆಯನ್ನೇ ಸುರುಳಿ ಸುತ್ತಿದಂಥ ಕೊಳವೆ ಅದು, ನೀರಿಗೆ ಅಷ್ಟೇನೂ ಪ್ರಿಯವಾದ ಜಾಗವಲ್ಲ. 1994ರಲ್ಲಿ ಬಂದ ಪ್ರಯೋಗ ಒಂದು ಗಡಿ ಹಾಕಿತು. ಮೇಲ್ಮೈ ಸೆಳೆತ, ಅಂದರೆ ದ್ರವದ ಮೇಲ್ಮೈ ತನ್ನನ್ನು ತಾನೇ ಬಿಗಿಹಿಡಿಯುವ ಬಲ, ಮೀಟರಿಗೆ ಸುಮಾರು 200 ಮಿಲಿನ್ಯೂಟನ್‌ಗಿಂತ ಕಡಿಮೆ ಇರುವ ದ್ರವಗಳು ತಾವಾಗಿ ಒಳಗೆ ಹೋಗುತ್ತವೆ. ನೀರಿನದು 72, ಹಾಗಾಗಿ ಅದು ಪಾಸು. ಪಾದರಸದ್ದು 480ರ ಹತ್ತಿರ, ಹಾಗಾಗಿ ಅದು ಹೊರಗೆ.

2001ರಲ್ಲಿ ಗೆರ್ಹಾರ್ಡ್ ಹಮ್ಮರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ 0.8 ನ್ಯಾನೋಮೀಟರ್ ಅಗಲದ ಚಿಕ್ಕ ಕೊಳವೆ ಕಟ್ಟಿ ನೋಡಿದರು. ನೀರಿನ ಸುಮಾರು ಐದು ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತವು, ಆಮೇಲೆ ಸಾಲಿಗೆ ಸಾಲೇ ಸರ್ರನೆ ಜಾರಿತು. 2003ರ ಇನ್ನೊಂದು ಕಂಪ್ಯೂಟರ್ ಲೆಕ್ಕದಲ್ಲಿ ಎಣ್ಣೆಯಂಥ ದ್ರವ ಖಾಲಿ ನ್ಯಾನೋಟ್ಯೂಬಿಗೆ ನುಗ್ಗುವಾಗ ವಾಷ್‌ಬರ್ನ್ ಹೇಳಿದಂತೆ ನಿಧಾನವಾಗುತ್ತಲೇ ಹೋಗಲಿಲ್ಲ, ಒಂದೇ ವೇಗದಲ್ಲಿ ತುಂಬಿತು. ಗೋಡೆ ಹಿಡಿದೆಳೆಯದಿದ್ದರೆ ಒಳಗಿನ ಉದ್ದ ಬೆಳೆದರೂ ತಡೆ ಬೆಳೆಯುವುದಿಲ್ಲ, ಅಷ್ಟೇ.

ಇಲ್ಲಿ ಆಗುವುದು ಇಷ್ಟು. ಕಾರ್ಬನ್ ಗೋಡೆ ಅಣುವಿನ ಮಟ್ಟದಲ್ಲೂ ನುಣುಪು. ನೀರು ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಹಾಗಾಗಿ 'ಗೋಡೆಗೆ ತಾಗಿದ ನೀರು ನಿಲ್ಲುತ್ತದೆ' ಎಂಬ ಹಳೆಯ ನಿಯಮವೇ ಅಲ್ಲಿ ಮುರಿದುಬೀಳುತ್ತದೆ. ಗೋಡೆಯ ಪಕ್ಕದ ನೀರೂ ಜಾರುತ್ತದೆ.

ಪ್ರಯೋಗಗಳೂ ಬಂದವು. 2005ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ತಂಡ ಸುಮಾರು 7 ನ್ಯಾನೋಮೀಟರ್ ಅಗಲದ ಕೊಳವೆಗಳನ್ನು ಒತ್ತಾಗಿ ಜೋಡಿಸಿ ನೀರು ಹಾಯಿಸಿತು. ಹಾಗನ್ ಮತ್ತು ಪ್ವಾಸೋಯ್ ಅವರ ಹಳೆಯ ಸೂತ್ರ ಹೇಳುವುದಕ್ಕಿಂತ ಹತ್ತು ಸಾವಿರದಿಂದ ಒಂದು ಲಕ್ಷ ಪಟ್ಟು ಜಾಸ್ತಿ ಎಂದಿತು. ಮರುವರ್ಷ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2 ನ್ಯಾನೋಮೀಟರ್‌ಗಿಂತ ಕಿರಿದಾದ ಕೊಳವೆಗಳಲ್ಲಿ 560ರಿಂದ 8,400 ಪಟ್ಟು ಎಂದರು. ವಾಟ್ಸಾಪಿನ 'ಸಾವಿರಾರು ಪಟ್ಟು' ಹುಟ್ಟಿದ್ದು ಈ ಎರಡು ಅಂಕಿಗಳ ಸುತ್ತ.

ಯಾವುದರ ಎಷ್ಟು ಪಟ್ಟು?

ಮೊದಲ ತಕರಾರು ಎಣಿಕೆಯದು. ಅಂಗೈಗಿಂತ ಚಿಕ್ಕ ತುಂಡಿನಲ್ಲಿ ಲೆಕ್ಕವಿಲ್ಲದಷ್ಟು ಕೊಳವೆಗಳಿರುತ್ತವೆ. ಅಳೆಯಲು ಸಿಗುವುದು ಒಟ್ಟು ನೀರು. ಅದನ್ನು ತೆರೆದ ಬಾಯಿಯ ಕೊಳವೆಗಳ ಸಂಖ್ಯೆಯಿಂದ ಭಾಗಿಸಬೇಕು. ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ ಎಂಬ ಅಂದಾಜು ತಪ್ಪಿದರೆ ಉತ್ತರವೂ ಅಷ್ಟೇ ತಪ್ಪು. ಅದರ ಮೇಲೆ, ಹೋಲಿಸುತ್ತಿರುವ ಹಳೆಯ ಸೂತ್ರದ ಅಂಕಿಯೇ ಅತಿ ಸಣ್ಣದು, ಅಗಲದ ನಾಲ್ಕನೇ ಘಾತಕ್ಕೆ ಇಳಿದದ್ದು. ಕೊಳವೆಯ ಅಗಲವನ್ನು ಅಂದಾಜಿಸುವಾಗ ಕೂದಲೆಳೆಯಷ್ಟು ವ್ಯತ್ಯಾಸವಾದರೂ 'ಪಟ್ಟು' ಎಲ್ಲಿಂದೆಲ್ಲಿಗೋ ಹಾರುತ್ತದೆ. ಬೇರೆ ಬೇರೆ ತಂಡಗಳ ಫಲಿತಾಂಶ ಒಂದು ಪಟ್ಟಿನಿಂದ ಒಂದು ಲಕ್ಷ ಪಟ್ಟಿನವರೆಗೆ ಚದುರಿ ಬಿದ್ದಿತ್ತು.

ಎರಡನೆಯ ತಕರಾರು ಇನ್ನೂ ಸೊಗಸಾದದ್ದು. ಅದು ಕೊಳವೆಯ ಬಾಯಿಯದು. ದಾದರ್ ಸ್ಟೇಷನ್ನಿನ ಮೇಲ್ಸೇತುವೆ ನೆನಪಿಸಿಕೊಳ್ಳಿ. ಸಂಜೆ ಏಳು ಗಂಟೆಗೆ ಸೇತುವೆಯ ಮೇಲೆ ಹೇಗೋ ನಡೆಯಬಹುದು. ಜನ ಒತ್ತಿ ನಿಲ್ಲುವುದು ಮೆಟ್ಟಿಲಿನ ಬುಡದಲ್ಲಿ, ಅಗಲ ಪ್ಲಾಟ್‌ಫಾರ್ಮಿನಿಂದ ಕಿರಿದಾದ ಮೆಟ್ಟಿಲಿಗೆ ತಿರುಗುವ ಜಾಗದಲ್ಲಿ. ನೀರಿಗೂ ಅಗಲವಾದ ಪಾತ್ರೆಯಿಂದ ಕಿರಿದಾದ ಬಾಯಿಗೆ ಹೊಂದಿಕೊಳ್ಳಲು ಒತ್ತಡ ಖರ್ಚಾಗುತ್ತದೆ. ತೆಳು ಹಾಳೆಯ ತೂತಿಗೆ ಈ ಲೆಕ್ಕವನ್ನು 1891ರಲ್ಲೇ ಸ್ಯಾಂಪ್ಸನ್ ಮಾಡಿಟ್ಟಿದ್ದ. ಒಳಗೆ ಎಷ್ಟೇ ನುಣುಪಿದ್ದರೂ ಈ ಬಾಯಿಯ ತಡೆ ಹೋಗುವುದಿಲ್ಲ.

ಇದರಿಂದ ಒಂದು ವಿಚಿತ್ರ ಫಲ ಬರುತ್ತದೆ. ಒಳಗೆ ತಡೆಯೇ ಇಲ್ಲದ ಕೊಳವೆ ಇದೆ ಎಂದುಕೊಳ್ಳಿ. ಅದರ ಉದ್ದವನ್ನು ಎರಡರಷ್ಟು ಮಾಡಿದರೆ ಬರುವ ನೀರು ಅಷ್ಟೇ. ಆದರೆ ಹಳೆಯ ಸೂತ್ರದ ಪ್ರಕಾರ ನೀರು ಅರ್ಧವಾಗಬೇಕಿತ್ತು. ಹಾಗಾಗಿ 'ಪಟ್ಟು' ಎರಡರಷ್ಟಾಗುತ್ತದೆ! ಒಂದು ಹನಿ ನೀರೂ ಜಾಸ್ತಿ ಬರದೆ ಸುದ್ದಿಯ ಅಂಕಿ ದೊಡ್ಡದಾಗುತ್ತದೆ. ಲಿವರ್‌ಮೋರ್ ಕೊಳವೆಗಳ ಅಗಲ ಸುಮಾರು 1.6 ನ್ಯಾನೋಮೀಟರ್, ಉದ್ದ 2ರಿಂದ 3 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಸಾವಿರ ನ್ಯಾನೋಮೀಟರ್). ಗೋಡೆಯ ತಡೆ ಸೊನ್ನೆ ಎಂದಿಟ್ಟರೂ ಬಾಯಿಯ ಲೆಕ್ಕದಂತೆ ಸಿಗಬಹುದಾದದ್ದು ಎರಡರಿಂದ ಮೂರು ಸಾವಿರ ಪಟ್ಟು. 8,400 ಎಂಬುದು ಆ ಮಿತಿಯನ್ನೇ ದಾಟಿದೆ. 2011ರಲ್ಲಿ ವಿಮರ್ಶಕರು ಹಿಡಿದದ್ದು ಇದನ್ನೇ. ಅಷ್ಟು ಸಣ್ಣ ಜಾಗದಲ್ಲಿ ಸ್ಯಾಂಪ್ಸನ್ ಲೆಕ್ಕ ಹಾಗೆಯೇ ನಿಲ್ಲಬೇಕೆಂದಿಲ್ಲ ಎಂದು ಇನ್ನೊಂದು ಪಕ್ಷ ವಾದಿಸಬಹುದು. ಆದರೂ ಅಂಕಿಯ ಮೇಲಿನ ನಂಬಿಕೆ ಕುಗ್ಗಿತು.

ಜಗಳವನ್ನು ಸ್ವಲ್ಪ ತಣ್ಣಗೆ ಮಾಡಿದ್ದು 2016ರ ಫ್ರಾನ್ಸಿನ ಪ್ರಯೋಗ. ಅವರು ಕೊಳವೆಗಳ ಗುಂಪನ್ನು ಬಿಟ್ಟು ಒಂದೇ ಒಂದು ಕೊಳವೆಯಿಂದ ಚಿಮ್ಮುವ ನೀರನ್ನು ಅಳೆದರು. 30 ನ್ಯಾನೋಮೀಟರ್ ಅಗಲದ ಕಾರ್ಬನ್ ಕೊಳವೆಯಲ್ಲಿ ಜಾರುವಿಕೆ ನಿಜಕ್ಕೂ ದೊಡ್ಡದಿತ್ತು. ಅವರ ಅಳತೆಯಿಂದ ಲೆಕ್ಕ ಹಾಕಿದರೆ ಹಳೆಯ ಸೂತ್ರದ ಸುಮಾರು 80 ಪಟ್ಟು. ಕೊಳವೆ ಅಗಲವಾದಂತೆ ಈ ಲಾಭ ಬೇಗ ಕರಗಿತು. ಅಚ್ಚರಿಯ ಸಂಗತಿ ಇನ್ನೊಂದಿದೆ. ಹೆಚ್ಚುಕಮ್ಮಿ ಅದೇ ವಿನ್ಯಾಸದ, ಅಷ್ಟೇ ನುಣುಪಾದ ಬೋರಾನ್ ನೈಟ್ರೈಡ್ ಕೊಳವೆಯಲ್ಲಿ ಅಳೆಯುವಷ್ಟು ಜಾರುವಿಕೆ ಕಾಣಲಿಲ್ಲ. ಅಂದರೆ ನುಣುಪು ಒಂದೇ ಕಾರಣವಲ್ಲ. ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ, ಬೋರಾನ್ ನೈಟ್ರೈಡ್ ಹಾಯಿಸುವುದಿಲ್ಲ. ನೀರಿಗೂ ಗೋಡೆಯ ಎಲೆಕ್ಟ್ರಾನುಗಳಿಗೂ ನಡುವಿನ ತಿಕ್ಕಾಟವೇ ಇದರ ಹಿಂದಿದೆ ಎಂಬ ವಾದ 2022ರಲ್ಲಿ ಬಂದಿದೆ. ಚರ್ಚೆ ಇನ್ನೂ ಮುಗಿದಿಲ್ಲ.

ಹರಿಯುವುದು ಬೇರೆ, ಸೋಸುವುದು ಬೇರೆ

ನೀರು ಜೋರಾಗಿ ಹೋದರೆ ಸಾಲದು, ಉಪ್ಪು ಹೊರಗೇ ನಿಲ್ಲಬೇಕು. 7 ನ್ಯಾನೋಮೀಟರ್ ಕೊಳವೆಯಲ್ಲಿ ಉಪ್ಪು ಆರಾಮಾಗಿ ದಾಟುತ್ತದೆ. 1.6ರಲ್ಲೂ ಅದಕ್ಕೆ ಜಾಗವಿದೆ. ಕೊಳವೆಯ ಬಾಯಿಗೆ ವಿದ್ಯುತ್ ಆವೇಶವಿರುವ ಅಣುಗಳನ್ನು ಅಂಟಿಸಿ ಉಪ್ಪನ್ನು ದೂರ ತಳ್ಳಬಹುದು ಎಂದು 2008ರಲ್ಲಿ ತೋರಿಸಿದರು. ಆದರೆ ಉಪ್ಪು ತೀರಾ ಕಡಿಮೆಯಿದ್ದಾಗ ಮಾತ್ರ ಅದು ಚೆನ್ನಾಗಿ ನಡೆಯಿತು. ಸಮುದ್ರದ ನೀರಿನಂತೆ ಉಪ್ಪು ದಟ್ಟವಾಗಿದ್ದರೆ ಆ ಆವೇಶವೇ ಮುಚ್ಚಿಹೋಗುತ್ತದೆ. 0.8 ನ್ಯಾನೋಮೀಟರ್ ಕೊಳವೆಗಳು ಬೇರೆ ಮಾತು. ನಮ್ಮ ಜೀವಕೋಶದ ಪೊರೆಯಲ್ಲಿ ನೀರು ದಾಟಿಸುವ ಅಕ್ವಾಪೋರಿನ್ ಎಂಬ ಪ್ರೋಟೀನನ್ನೂ ಅವು ಹಿಂದೆ ಹಾಕುತ್ತವೆ ಎಂದು 2017ರಲ್ಲಿ ಗೊತ್ತಾಯಿತು. ಅಂಥವನ್ನು ಒಂದೇ ಅಳತೆಯಲ್ಲಿ, ಎಕರೆಗಟ್ಟಲೆ ಹಾಳೆಯಲ್ಲಿ, ಒಂದೂ ಬಿರುಕಿಲ್ಲದಂತೆ ಕೂರಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಮನೆಯ ಆರ್‌ಓದಿಂದ ತೆಗೆದೆಸೆದ ಹಳೆಯ ಮೆಂಬ್ರೇನ್ ಸಿಕ್ಕರೆ ಒಮ್ಮೆ ಕತ್ತರಿಸಿ ನೋಡಿ. ನಡುವೆ ತೂತುಗಳಿರುವ ಪ್ಲಾಸ್ಟಿಕ್ ನಳಿಕೆ. ಅದರ ಸುತ್ತ ಬಿಳಿ ಹಾಳೆ, ಪ್ಲಾಸ್ಟಿಕ್ ಬಲೆ, ಮತ್ತೆ ಹಾಳೆ, ಹೀಗೆ ಚಾಪೆಯಂತೆ ಬಿಗಿಯಾಗಿ ಸುತ್ತಿರುತ್ತಾರೆ. ಅಲ್ಲಿ ಕೊಳವೆ ಅಂತ ಯಾವುದೂ ಇಲ್ಲ. ಉಪ್ಪು ತಡೆಯುವುದು ಹಾಳೆಯ ಮೈಮೇಲಿನ ಪಾಲಿಅಮೈಡ್ ಪದರ, ಅದರ ದಪ್ಪ ನೂರಿನ್ನೂರು ನ್ಯಾನೋಮೀಟರ್. ನೀರಿನ ಅಣುಗಳು ಅದರೊಳಗಿನ ಅಡ್ಡಾದಿಡ್ಡಿ ಸಂದುಗಳಲ್ಲಿ ನುಸುಳುತ್ತವೆ. ನ್ಯಾನೋಟ್ಯೂಬ್ ಸೋಲಿಸಬೇಕಾದದ್ದು ಇದನ್ನು. ಈ ಪದರ ಅತಿ ತೆಳುವಾಗಿರುವುದರಿಂದ ಅದರ ಒಟ್ಟು ತಡೆ ಈಗಾಗಲೇ ಸಾಕಷ್ಟು ಕಡಿಮೆ. ಹಳೆಯ ಸೂತ್ರಕ್ಕೆ ಹೋಲಿಸಿದ 'ಪಟ್ಟು' ಈ ಹಾಳೆಯ ಮುಂದೆ ನಡೆಯುವುದಿಲ್ಲ.

ಅಂದಹಾಗೆ, ಅಂಗಡಿಯಲ್ಲಿ 'ನ್ಯಾನೋ' ಎಂದು ಬರೆದ ಫಿಲ್ಟರುಗಳಿಗೂ ಈ ಕೊಳವೆಗಳಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಕೆಲವದರಲ್ಲಿ ಇರುವುದು ಕೀಟಾಣು ಕೊಲ್ಲುವ ಬೆಳ್ಳಿಯ ಸಣ್ಣ ಕಣ. ನ್ಯಾನೋಫಿಲ್ಟ್ರೇಷನ್ ಎನ್ನುವುದು ಆರ್‌ಓದ ಸಡಿಲ ತಮ್ಮ. ಮುಂಬಯಿಯ ಕೆರೆ ನೀರಿನಲ್ಲಿ ಕರಗಿದ ಲವಣವೇ ಕಡಿಮೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಓ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಪಾಲಿಕೆಯ ನಲ್ಲಿ ನೀರಿಗೆ ಸುಮ್ನೆ ಆರ್‌ಓ ಹಾಕಿ ಅರ್ಧಕ್ಕರ್ಧ ನೀರನ್ನು ಸಿಂಕಿಗೆ ಬಿಡುವುದು ದುಡ್ಡು ಕೊಟ್ಟು ಮಾಡುವ ಪೋಲು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಮಾತು ಬೇರೆ.

ಮನೋರಿಯ ಕರೆಂಟು ಬಿಲ್ಲು

ಉಪ್ಪುನೀರು ಸಿಹಿನೀರನ್ನು ತನ್ನ ಕಡೆ ಎಳೆಯುತ್ತದೆ. ಸಮುದ್ರದ ನೀರಿನ ಈ ಎಳೆತ ಸುಮಾರು 27 ಬಾರ್, ಅಂದರೆ ಗಾಳಿಯ ಒತ್ತಡದ 27 ಪಟ್ಟು. ಆರ್‌ಓ ಅದನ್ನು ಉಲ್ಟಾ ಮಾಡಬೇಕು, ಅದಕ್ಕಿಂತ ಜಾಸ್ತಿ ಒತ್ತಬೇಕು. ಅರ್ಧ ನೀರು ತೆಗೆಯುವ ಹೊತ್ತಿಗೆ ಉಳಿದ ನೀರು ಎರಡರಷ್ಟು ಉಪ್ಪಾಗಿರುತ್ತದೆ, ಆದ್ದರಿಂದ ಘಟಕಗಳು 55ರಿಂದ 70 ಬಾರ್ ಒತ್ತಡದಲ್ಲಿ ಓಡುತ್ತವೆ. ಮೆಂಬ್ರೇನ್ ಎಷ್ಟೇ ಚೆನ್ನಾಗಿರಲಿ, ಅರ್ಧ ನೀರು ತೆಗೆಯಲು ಸಾವಿರ ಲೀಟರಿಗೆ ಒಂದು ಯೂನಿಟ್ ವಿದ್ಯುತ್ತಂತೂ ಬೇಕೇ ಬೇಕು. ಇದು ಪ್ರಕೃತಿ ಹಾಕಿದ ಕನಿಷ್ಠ ದರ, ಚೌಕಾಸಿ ಇಲ್ಲ. ಇವತ್ತಿನ ಒಳ್ಳೆಯ ಘಟಕಗಳು ನೀರು ಎತ್ತುವುದು, ಶುದ್ಧ ಮಾಡುವುದು ಎಲ್ಲ ಸೇರಿ 3ರಿಂದ 4 ಯೂನಿಟ್ ತೆಗೆದುಕೊಳ್ಳುತ್ತವೆ. ದಿನಕ್ಕೆ 20 ಕೋಟಿ ಲೀಟರ್ ಎಂದರೆ 6ರಿಂದ 8 ಲಕ್ಷ ಯೂನಿಟ್. ಅದರಲ್ಲಿ 2 ಲಕ್ಷವನ್ನು ಯಾವ ಕೊಳವೆಯೂ ಉಳಿಸಲಾರದು.

ನಡುವಿನ ಅಂತರವಾದರೂ ಉಳಿಯುತ್ತದಲ್ಲ ಎನ್ನಬಹುದು. ಅದರಲ್ಲಿ ಹೆಚ್ಚಿನದು ಮೆಂಬ್ರೇನ್ ತಡೆಯದ್ದಲ್ಲ. ಕೊಳಕು, ಪಾಚಿ, ಎಣ್ಣೆಯನ್ನು ಮೊದಲೇ ತೆಗೆಯುವುದಕ್ಕೆ, ಪಂಪುಗಳ ನಷ್ಟಕ್ಕೆ ಖರ್ಚಾಗುತ್ತದೆ. ಮಳೆಗಾಲದಲ್ಲಿ ಮುಂಬಯಿಯ ಕಡಲು ಯಾವ ಬಣ್ಣದಲ್ಲಿರುತ್ತದೆ ಎಂದು ಗೊರಾಯಿ, ಮನೋರಿಯ ಕಡೆ ಹೋದವರಿಗೆ ಗೊತ್ತು. ಮೇಲಾಗಿ, ನೀರು ವೇಗವಾಗಿ ದಾಟಿದರೆ ಹಿಂದೆ ಉಳಿದ ಉಪ್ಪು ಹಾಳೆಯ ಮೈಮೇಲೇ ಗುಡ್ಡೆ ಬೀಳುತ್ತದೆ. ಅದು ಮತ್ತೆ ಒತ್ತಡ ಕೇಳುತ್ತದೆ. ವೇಗದ ಲಾಭವನ್ನು ವೇಗವೇ ತಿನ್ನುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಈ ಲೆಕ್ಕ ಮಾಡಿದ್ದರು. ಮೂರು ಪಟ್ಟು ಸಲೀಸಾಗಿ ನೀರು ಬಿಡುವ ಮೆಂಬ್ರೇನ್ ಬಂದರೆ ಸಮುದ್ರದ ನೀರಿನ ಘಟಕದಲ್ಲಿ ವಿದ್ಯುತ್ ಉಳಿಯುವುದು ಸುಮಾರು ಶೇ 15. ಇಲ್ಲವೇ ಮೆಂಬ್ರೇನ್ ತುಂಬಿದ ಒತ್ತಡದ ಕೊಳಾಯಿಗಳನ್ನು ಶೇ 44ರಷ್ಟು ಕಡಿಮೆ ಮಾಡಬಹುದು. ನನ್ನ ಪ್ರಕಾರ ಮುಂಬಯಿಗೆ ಎರಡನೆಯದೇ ದೊಡ್ಡ ಮಾತು. ಇಲ್ಲಿ ಜಾಗಕ್ಕೆ ಚಿನ್ನದ ಬೆಲೆ. ಆದರೆ ಮೀನುಗಾರರ, ಪರಿಸರದವರ ಆತಂಕ ಬೇರೆಯದು. 20 ಕೋಟಿ ಲೀಟರ್ ಸಿಹಿನೀರು ತೆಗೆದರೆ ಕಡಿಮೆಯೆಂದರೂ ಅಷ್ಟೇ ಗಾಢ ಉಪ್ಪುನೀರು ಕಡಲಿಗೆ ವಾಪಸು ಹೋಗುತ್ತದೆ. ಮೆಂಬ್ರೇನ್ ಬದಲಾದರೂ ಆ ಉಪ್ಪು ಎಲ್ಲಿಗೂ ಮಾಯವಾಗುವುದಿಲ್ಲ. ಅದನ್ನು ಎಷ್ಟು ದೂರ, ಎಷ್ಟು ಹರಡಿ ಬಿಡುತ್ತಾರೆ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಗೋಡೆಯೊಳಗಿನ ಕೊಳವೆಗಳು

ಅತಿ ಕಿರಿದಾದ ಕೊಳವೆಗಳ ವಿಜ್ಞಾನ ಮುಂಬಯಿಯವರ ಜೇಬನ್ನು ಇವತ್ತೇ ಮುಟ್ಟುವ ಜಾಗ ಇನ್ನೊಂದಿದೆ. ಅದು ಸೊಸೈಟಿಯ ರಿಪೇರಿ ಫಂಡು. ಕಾಂಕ್ರೀಟು ಗಟ್ಟಿ ಕಲ್ಲಿನಂತೆ ಕಂಡರೂ ಒಳಗೆಲ್ಲ ಸಂದು. ಕೆಲವು ಬರೀ ಎರಡು ಮೂರು ನ್ಯಾನೋಮೀಟರ್, ಕೆಲವು ಹತ್ತಾರು, ಕೆಲವು ಅದಕ್ಕೂ ಅಗಲ. ಸಿಮೆಂಟು ನೀರಿಗೆ ಪ್ರಿಯವಾದ ವಸ್ತು, ಕಾರ್ಬನ್ನಿನಂತೆ ಜಾರಿಸುವುದಿಲ್ಲ. ಹಾಗಾಗಿ ಇಲ್ಲಿ ಹಳೆಯ ವಾಷ್‌ಬರ್ನ್ ಸೂತ್ರವೇ ರಾಜ. ಕಾಂಕ್ರೀಟು ಎಷ್ಟು ನೀರು ಹೀರುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆಯುವುದೂ ಸಮಯದ ವರ್ಗಮೂಲದ ಲೆಕ್ಕದಲ್ಲೇ.

ಮಳೆ ತಾಗದಿದ್ದರೂ ಈ ಸಂದುಗಳು ತುಂಬುತ್ತವೆ. ಗಾಳಿಯ ತೇವಾಂಶ ಶೇ 90 ಇದ್ದಾಗ ಸುಮಾರು 20 ನ್ಯಾನೋಮೀಟರ್‌ವರೆಗಿನ ಸಂದುಗಳಲ್ಲಿ ಆವಿಯೇ ನೀರಾಗಿ ನಿಲ್ಲುತ್ತದೆ. ಇದು 1871ರಲ್ಲಿ ಕೆಲ್ವಿನ್ ಕೊಟ್ಟ ಸೂತ್ರದ ಉತ್ತರ. ಒಂದು ನ್ಯಾನೋಮೀಟರಿಗಿಂತ ಕಿರಿದಾದ ಸಂದಿನಲ್ಲೂ ಅದು ನಂಬಲಾಗದಷ್ಟು ಸರಿಯಾಗಿ ನಿಲ್ಲುತ್ತದೆ ಎಂದು ಮ್ಯಾಂಚೆಸ್ಟರಿನ ತಂಡ 2020ರಲ್ಲಿ ತೋರಿಸಿತು. ಜುಲೈಯಲ್ಲಿ ಮುಂಬಯಿಯ ಗೋಡೆ ಒಣಗದಿರುವುದಕ್ಕೆ ಇದೂ ಒಂದು ಕಾರಣ. ಕಡಲ ಗಾಳಿಯ ಉಪ್ಪು ಈ ನೀರಿನಲ್ಲಿ ಕರಗಿ ಒಳಗಿನ ಕಬ್ಬಿಣದ ಸರಳಿನವರೆಗೆ ನಡೆಯುತ್ತದೆ. ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸೀಳುತ್ತದೆ, ಸ್ಲ್ಯಾಬಿನ ತುಂಡು ಕಳಚಿ ಬೀಳುತ್ತದೆ.

ವಾಟರ್‌ಪ್ರೂಫಿಂಗ್‌ನವರು ಹಚ್ಚುವ ಸಿಲೇನ್ ಮಾದರಿಯ ದ್ರವ ಮಾಡುವುದು ಒಂದೇ ಕೆಲಸ. ಅದು ಸಂದಿನ ಗೋಡೆಯನ್ನು ನೀರಿಗೆ ಬೇಡವಾದದ್ದಾಗಿ ಮಾಡುತ್ತದೆ. ಆಗ ಜುರಿನ್ ಲೆಕ್ಕ ತಲೆಕೆಳಗಾಗಿ, ಎಳೆಯುತ್ತಿದ್ದ ಕೊಳವೆಯೇ ನೀರನ್ನು ಹೊರಗೆ ತಳ್ಳುತ್ತದೆ. 20 ನ್ಯಾನೋಮೀಟರ್ ಸಂದಿನಲ್ಲಿ ಈ ತಳ್ಳುವಿಕೆ ಎಷ್ಟು ಜೋರೆಂದರೆ ಯಾವ ಮಳೆಯೂ ಅದನ್ನು ಸೋಲಿಸಲಾರದು. ಆದರೆ ಅದೇ ಲೆಕ್ಕ ಅಗಲವಾದ ಬಿರುಕಿಗೆ ಹಾಕಿದರೆ ಉತ್ತರ ನಗೆಪಾಟಲು. 0.2 ಮಿಲಿಮೀಟರ್ ಬಿರುಕಿನಲ್ಲಿ ಆ ದ್ರವ ತಡೆದು ನಿಲ್ಲಿಸುವುದು ಎರಡು ಮೂರು ಸೆಂಟಿಮೀಟರ್ ನೀರನ್ನು ಮಾತ್ರ. ಟೆರೇಸಿನ ಮೂಲೆಯಲ್ಲಿ ಅದಕ್ಕಿಂತ ಎತ್ತರಕ್ಕೆ ನೀರು ನಿಂತರೆ ಕೆಳಗಿನ ಫ್ಲ್ಯಾಟಿಗೆ ಸೋರುತ್ತದೆ. ಕಾಂಟ್ರಾಕ್ಟರ್ ಕೊಟೇಶನ್ ತಂದಾಗ 'ನ್ಯಾನೋ ಕೋಟಿಂಗ್' ಎಂಬ ಸಾಲಿನ ಮುಂದೆ ಬಿರುಕು ತುಂಬುವುದು, ಟೆರೇಸಿನ ಇಳಿಜಾರು ಸರಿಮಾಡುವುದು ಸೇರಿದೆಯೇ ಎಂದು ಸೆಕ್ರೆಟರಿ ಕೇಳಬೇಕಾದದ್ದು ಇದಕ್ಕೇ.